ಒಂದು ಕೋಲು, ನಾಲ್ಕು ಕೈ

ಮನೆಯ ಮೂಲೆಗೆ ಆನಿಸಿಟ್ಟ ನೆಲ ಒರೆಸುವ ಮರದ ಕೋಲೊಂದನ್ನು ತೆಗೆದುಕೊಳ್ಳಿ. ಇಬ್ಬರು ನೆಲದ ಮೇಲೆ ಎದುರುಬದುರಾಗಿ ಕುಳಿತು, ಮೊಣಕಾಲು ತುಸು ಮಡಿಸಿ, ಅಂಗಾಲಿಗೆ ಅಂಗಾಲು ಒತ್ತಿಕೊಳ್ಳಬೇಕು. ಕೋಲು ಇಬ್ಬರ ಕಾಲ್ಬೆರಳುಗಳ ಮೇಲೆ ಅಡ್ಡಲಾಗಿರಬೇಕು. ಅದರ ಮೇಲೆ ನಾಲ್ಕು ಕೈ. ನೋಡುತ್ತ ಕುಳಿತವರಲ್ಲಿ ಒಬ್ಬರು 'ಹೂಂ' ಎಂದ ಕೂಡಲೇ ಇಬ್ಬರೂ ತಂತಮ್ಮ ಕಡೆಗೆ ಎಳೆಯಬೇಕು. ಯಾರು ಕುಳಿತಲ್ಲಿಂದ ಎದ್ದರೋ ಅವರು ಸೋತರು. ಯಾರ ಕೈಯಿಂದ ಕೋಲು ಜಾರಿತೋ ಅವರೂ ಸೋತರು. ಆಟ ಮುಗಿಯಲು ಅರ್ಧ ನಿಮಿಷ ಸಾಕು. ಸೋತವರು ನಗುತ್ತ ಅಂಗೈ ಉಜ್ಜಿಕೊಂಡು 'ಇನ್ನೊಂದು ಸಲ' ಎನ್ನುವುದೂ ಅಷ್ಟೇ ಖಚಿತ.

ಖರ್ಚಿಲ್ಲದ ಈ ಆಟಕ್ಕೆ ಅಂಗಳವೂ ಬೇಡ, ಚೆಂಡೂ ಬೇಡ. ಹಾಗೆಂದು ಇದನ್ನು ಬರೀ ಮಕ್ಕಳಾಟ ಎಂದು ತಳ್ಳಿಹಾಕುವಂತಿಲ್ಲ. ಸೈಬೀರಿಯಾದ ಹಿಮನಾಡಿನಿಂದ ಸ್ಕಾಟ್ಲೆಂಡಿನ ದ್ವೀಪಗಳವರೆಗೆ, ಅಲಾಸ್ಕದ ಮೀನುಗಾರರಿಂದ ಸ್ವೀಡನ್ನಿನ ರೈತರವರೆಗೆ ಹಲವು ಜನಾಂಗಗಳು ತಮ್ಮ ಕೈಯ ಹಿಡಿತವನ್ನು ಹೀಗೆಯೇ ಪರೀಕ್ಷಿಸಿಕೊಂಡಿವೆ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಹಿಡಿತವನ್ನು ಅಳೆಯಲು ಯಂತ್ರವೊಂದು ಬಂತು. ಕೋಲು ಹೇಳುತ್ತಿದ್ದುದನ್ನೇ ಯಂತ್ರ ಅಂಕಿಯಲ್ಲಿ ಹೇಳಿತು. ಆದರೆ ಆ ಅಂಕಿಯನ್ನು ಯಾರು, ಯಾತಕ್ಕಾಗಿ ಬರೆದುಕೊಂಡರು ಎಂಬ ಕಥೆ ಅಷ್ಟು ಸರಳವಲ್ಲ.

ಹಿಮನಾಡಿನ 'ಮಾಸ್'

ಕೋಲು ಎಳೆಯುವ ಆಟಕ್ಕೆ ಇಂದು ಹೆಚ್ಚು ಹೆಸರು ತಂದುಕೊಟ್ಟವರು ಸಖಾ ಜನರು. ಯಾಕುಟಿಯಾ ಎಂದೂ ಕರೆಯಲಾಗುವ ಅವರ ಗಣರಾಜ್ಯ ರಷ್ಯದ ಈಶಾನ್ಯ ಭಾಗದಲ್ಲಿದೆ. ವಿಸ್ತೀರ್ಣ 30 ಲಕ್ಷ ಚದರ ಕಿ.ಮೀ.ಗೂ ಹೆಚ್ಚು, ಹೆಚ್ಚು ಕಡಿಮೆ ಭಾರತದಷ್ಟೇ ದೊಡ್ಡದು. ಆದರೆ ಅಲ್ಲಿರುವ ಜನ ಸುಮಾರು ಹತ್ತು ಲಕ್ಷ ಮಾತ್ರ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಮಾಮೂಲು. ಬೇಸಿಗೆ ಬಂತೆಂದರೆ 'ಇಸ್ಯಾಖ್' ಎಂಬ ದೊಡ್ಡ ಹಬ್ಬ. ಕುದುರೆಯ ಹಾಲಿನ ಪಾನೀಯ, ಕೈ ಕೈ ಹಿಡಿದು ಸುತ್ತುವ ಕುಣಿತ, ಅದರ ಜೊತೆಗೆ ಬಲಪರೀಕ್ಷೆಯ ಆಟಗಳು. ಅವುಗಳಲ್ಲೊಂದು ಈ ಕೋಲಿನಾಟ. ಸಖಾ ಭಾಷೆಯಲ್ಲಿ 'ಮಾಸ್' ಎಂದರೆ ಮರ, ಕಟ್ಟಿಗೆ. ಅದರಿಂದಲೇ ಇದಕ್ಕೆ 'ಮಾಸ್ ಕುಸ್ತಿ' ಎಂಬ ಹೆಸರು ಹೊರಜಗತ್ತಿನಲ್ಲಿ ಬಳಕೆಗೆ ಬಂದಿದೆ.

ಈಗ ಅದಕ್ಕೆ ಕಟ್ಟುನಿಟ್ಟಾದ ನಿಯಮಗಳುಂಟು. ಅಂಗಾಲಿಗೆ ಅಂಗಾಲು ಒತ್ತುವ ಬದಲು ನಡುವೆ ಅಡ್ಡಲಾಗಿ ನಿಲ್ಲಿಸಿದ ಹಲಗೆಗೆ ಇಬ್ಬರೂ ಪಾದ ಒತ್ತಿ ಕುಳಿತುಕೊಳ್ಳುತ್ತಾರೆ. ಕೋಲು ಅರ್ಧ ಮೀಟರ್ ಉದ್ದ, ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ದಪ್ಪ. ಎದುರಾಳಿಯ ಕೈಯಿಂದ ಕೋಲನ್ನು ಕಿತ್ತುಕೊಂಡರೂ ಗೆಲುವು, ಕೋಲಿನ ಸಮೇತ ಅವನನ್ನೇ ಹಲಗೆಯ ಈಚೆಗೆ ಎಳೆದುಕೊಂಡರೂ ಗೆಲುವು. ಮೂರು ಸುತ್ತಿನಲ್ಲಿ ಎರಡನ್ನು ಗೆದ್ದವರು ಪಂದ್ಯ ಗೆದ್ದಂತೆ. ಒಬ್ಬರ ಕೈ ಕೋಲಿನ ಒಳಭಾಗದಲ್ಲಿ, ಇನ್ನೊಬ್ಬರದು ಹೊರಭಾಗದಲ್ಲಿ ಇರುವುದರಿಂದ ಯಾರಿಗೆ ಯಾವ ಜಾಗ ಎಂಬುದನ್ನು ಮೊದಲ ಸುತ್ತಿನಲ್ಲಿ ಚೀಟಿ ಎತ್ತಿ ನಿರ್ಧರಿಸಿ, ಮುಂದಿನ ಸುತ್ತಿಗೆ ಜಾಗ ಬದಲಿಸುತ್ತಾರೆ. ದೇಹತೂಕದ ವಿಭಾಗಗಳಿವೆ, ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆಗಳಿವೆ. 2014ರಲ್ಲಿ ಯಾಕುಟ್ಸ್ಕ್ ನಗರದಲ್ಲಿ ಇದರ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ಸೀಲು, ಸಾಲ್ಮನ್, ಸೋಮಾರಿ ಕೋಲು

ಬೇರಿಂಗ್ ಜಲಸಂಧಿ ದಾಟಿ ಅಲಾಸ್ಕಕ್ಕೆ ಹೋದರೆ ಅಲ್ಲಿಯೂ ಇದೇ ಆಟ. ಅಲ್ಲಿನ ಫೇರ್‌ಬ್ಯಾಂಕ್ಸ್ ನಗರದಲ್ಲಿ 1961ರಿಂದ ಆ ನಾಡಿನ ಮೂಲನಿವಾಸಿಗಳ ಆಟೋಟಗಳ ಮೇಳ ನಡೆಯುತ್ತ ಬಂದಿದೆ. ಅದರಲ್ಲಿ ಕೋಲಿನ ಸ್ಪರ್ಧೆಗಳು ಎರಡು. ಮೊದಲನೆಯದು ಇನುಯಿಟ್ ಜನರದು. ಕುಳಿತು, ಪಾದಕ್ಕೆ ಪಾದ ಕೊಟ್ಟು ಎಳೆಯುವ ಈ ಆಟ ಮಾಸ್ ಕುಸ್ತಿಯ ಅಣ್ಣತಮ್ಮನಂತೆಯೇ ಇದೆ. ಮಂಜುಗಡ್ಡೆಯ ರಂಧ್ರದಿಂದ ಭಾರದ ಸೀಲ್ ಪ್ರಾಣಿಯನ್ನು ಮೇಲಕ್ಕೆ ಎಳೆದು ಹಾಕಲು ಬೇಕಾದ ತಾಕತ್ತನ್ನು ಇದು ಬೆಳೆಸುತ್ತಿತ್ತು ಎಂದು ಅವರು ವಿವರಿಸುತ್ತಾರೆ.

ಎರಡನೆಯದು ಒಳನಾಡಿನ ನದಿತೀರಗಳಲ್ಲಿ ವಾಸಿಸುವ ಡೆನೆ ಜನರದು. ಕೋಲಿನ ಉದ್ದ ಒಂದು ಅಡಿಯ ಆಸುಪಾಸು. ಎರಡೂ ತುದಿ ಚೂಪಾಗುತ್ತ ಹೋಗುತ್ತವೆ. ಅದಕ್ಕೆ ಜಿಡ್ಡು ಸವರುತ್ತಾರೆ! ಇಬ್ಬರು ಅಕ್ಕಪಕ್ಕ ನಿಂತು ಒಂದೊಂದು ಕೈಯಲ್ಲಿ ಒಂದೊಂದು ತುದಿಯನ್ನು ಹಿಡಿದು ನೇರವಾಗಿ ಹಿಂದಕ್ಕೆ ಎಳೆಯಬೇಕು. ಜಗ್ಗುವಂತಿಲ್ಲ, ತಿರುಚುವಂತಿಲ್ಲ. ಜಿಡ್ಡು ಯಾಕೆ ಎಂದರೆ, ಆ ಕೋಲು ನಿಂತಿರುವುದು ಸಾಲ್ಮನ್ ಮೀನಿನ ಬದಲಿಗೆ. ನೀರಿನಿಂದ ಮೇಲಕ್ಕೆತ್ತುವಾಗ ಲೋಳೆಯಿಂದ ಜಾರುವ ಮೀನಿನ ಬಾಲವನ್ನು ಕೈಬಿಟ್ಟರೆ ಅಂದಿನ ಊಟವನ್ನೇ ಕೈಬಿಟ್ಟಂತೆ. ಅವರ ಆಟದ ಹಿಂದೆ ಇರುವುದು ಹಸಿವಿನ ಲೆಕ್ಕ.

ಯುರೋಪಿನ ಉತ್ತರ ತುದಿಯಲ್ಲಿಯೂ ಕೋಲು ಎಳೆದಿದ್ದಾರೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಈ ಆಟದ ಹೆಸರಿನ ಅರ್ಥ 'ಸೋಮಾರಿ ಕೋಲು'. ಕುಳಿತವನನ್ನು ಕುಳಿತಲ್ಲಿಂದ ಎಬ್ಬಿಸುವ ಕೋಲಿಗೆ ಅದು ತಕ್ಕ ಹೆಸರೇ. ಸ್ವೀಡನ್ನಿನಲ್ಲಿ ಇದೇ ಆಟಕ್ಕೆ 'ಕಾವ್ಲೆ ಎಳೆಯುವುದು' ಎನ್ನುತ್ತಾರೆ. ಕಾವ್ಲೆ ಎಂದರೆ ಉರುಟಾದ ಕೋಲು. ಹಿಟ್ಟು ಲಟ್ಟಿಸುವ ಲಟ್ಟಣಿಗೆಗೂ ಅಲ್ಲಿ ಅದೇ ಮಾತು. ಅಡುಗೆಮನೆಯ ವಸ್ತುವಿಗೂ ಬಲಪರೀಕ್ಷೆಯ ಸಾಧನಕ್ಕೂ ಒಂದೇ ಹೆಸರು ಇರುವುದು ಆಕಸ್ಮಿಕವೇನಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದು ಆಡುವುದೇ ಇಂತಹ ಆಟಗಳ ಗುಣ.

ಇಷ್ಟು ದೂರದೂರದ ಜನರೆಲ್ಲ ಒಬ್ಬರಿಂದೊಬ್ಬರು ಕಲಿತರು ಎಂದು ಹೇಳಬೇಕಾದ ಅಗತ್ಯವಿಲ್ಲ. ಚಳಿಯ ದೇಶ, ಉದ್ದನೆಯ ರಾತ್ರಿ, ಚಿಕ್ಕ ಮನೆ. ಒಳಗೇ ಕುಳಿತು ಆಡುವ, ಯಾರಿಗೂ ಪೆಟ್ಟಾಗದ, ಸೌದೆಯ ತುಂಡೊಂದೇ ಸಾಕಾಗುವ ಬಲಪರೀಕ್ಷೆ ಇಂತಹ ಕಡೆ ತಾನಾಗಿಯೇ ಹುಟ್ಟಬಲ್ಲದು.

ಬೆರಳಿನ ಬಲ ಬೆರಳಲ್ಲಿಲ್ಲ

ಕೋಲು ಎಳೆಯುವಾಗ ಬೆನ್ನು, ತೊಡೆ, ಸೊಂಟ ಎಲ್ಲವೂ ದುಡಿಯುತ್ತವೆ. ಆದರೆ ಅವೆಲ್ಲದರ ಬಲ ಎದುರಾಳಿಗೆ ತಲುಪುವುದು ಹತ್ತು ಬೆರಳುಗಳ ಮೂಲಕ ಮಾತ್ರ. ಬೆನ್ನು ಎಷ್ಟೇ ಗಟ್ಟಿಯಿದ್ದರೂ ಬೆರಳು ಬಿಚ್ಚಿಕೊಂಡರೆ ಆಟ ಮುಗಿಯಿತು. ಆದ್ದರಿಂದಲೇ ಇದು ಕೊನೆಗೆ ಹಿಡಿತದ ಪರೀಕ್ಷೆಯಾಗುತ್ತದೆ.

ಸೋಜಿಗವೆಂದರೆ ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಬೆರಳಿನೊಳಗೆ ಇಲ್ಲವೇ ಇಲ್ಲ. ಅವು ಇರುವುದು ಮುಂಗೈಯಲ್ಲಿ, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವೆ. ಅಲ್ಲಿಂದ ಹೊರಟ ಹಗ್ಗದಂತಹ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಸುರಂಗದೊಳಗೆ ಹಾದು ಬೆರಳುಗಳನ್ನು ಸೇರುತ್ತವೆ. ತೊಗಲುಗೊಂಬೆ ಆಡಿಸುವವನು ಮರೆಯಲ್ಲಿದ್ದು ಬೊಂಬೆಯ ಕೈಕಾಲು ಆಡಿಸಿದ ಹಾಗೆ. ಎಡಗೈಯಿಂದ ಬಲ ಮುಂಗೈಯನ್ನು ಸುತ್ತಿ ಹಿಡಿದು ಬಲಮುಷ್ಟಿಯನ್ನು ಬಿಗಿದು ಸಡಿಲಿಸಿ ನೋಡಿದರೆ ಚರ್ಮದ ಕೆಳಗೆ ಆ ಸ್ನಾಯುಗಳು ಉಬ್ಬಿ ಇಳಿಯುವುದು ತಿಳಿಯುತ್ತದೆ.

ಇನ್ನೊಂದು ಪ್ರಯೋಗವನ್ನೂ ಮಾಡಬಹುದು. ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ ಮುಷ್ಟಿ ಬಿಗಿಯಲು ಯತ್ನಿಸಿ. ಮುಷ್ಟಿ ಬಿಗಿಯುವುದೇ ಇಲ್ಲ. ಮಣಿಕಟ್ಟು ಬಗ್ಗಿದಾಗ ಆ ಸ್ನಾಯುಗಳು ಆಗಲೇ ಕುಗ್ಗಿಹೋಗಿರುತ್ತವೆ. ಇನ್ನಷ್ಟು ಎಳೆಯಲು ಅವುಗಳಿಗೆ ಅವಕಾಶ ಉಳಿದಿರುವುದಿಲ್ಲ. ಕೋಲಿನಾಟದಲ್ಲಿ ಪಳಗಿದವರು ಮಣಿಕಟ್ಟನ್ನು ನೇರವಾಗಿ ಇರಿಸಿಕೊಳ್ಳಲು ಹೆಣಗುವುದು ಇದೇ ಕಾರಣಕ್ಕೆ.

ಕೈಯ ಹಿಡಿತಗಳನ್ನು ಮೊದಲು ಸ್ಪಷ್ಟವಾಗಿ ವಿಂಗಡಿಸಿದವರು ಬ್ರಿಟಿಷ್ ಅಂಗರಚನಾ ತಜ್ಞ ಜಾನ್ ನೇಪಿಯರ್. 1956ರ ತಮ್ಮ ಲೇಖನದಲ್ಲಿ ಅವರು ಎರಡೇ ಮಾದರಿಗಳನ್ನು ಹೇಳಿದರು. ಸುತ್ತಿಗೆ ಹಿಡಿಯುವಾಗ ಅಂಗೈ, ಬೆರಳು ಎಲ್ಲ ಸೇರಿ ಬಿಗಿಯುವುದು ಬಲದ ಹಿಡಿತ. ಸೂಜಿ ಹಿಡಿಯುವಾಗ ಹೆಬ್ಬೆರಳು ಮತ್ತು ಉಳಿದ ಬೆರಳ ತುದಿ ಕೂಡುವುದು ನಾಜೂಕಿನ ಹಿಡಿತ. ಯಾವ ವಸ್ತು ಎನ್ನುವುದಕ್ಕಿಂತ ಯಾವ ಕೆಲಸ ಎನ್ನುವುದೇ ಹಿಡಿತವನ್ನು ನಿರ್ಧರಿಸುತ್ತದೆ ಎಂಬುದು ಅವರ ಮುಖ್ಯ ಮಾತು. ಸೀಸೆಯ ಮುಚ್ಚಳವನ್ನೇ ನೋಡಿ: ಬಿಗಿಯಾದ ಮುಚ್ಚಳವನ್ನು ಮೊದಲು ಇಡೀ ಅಂಗೈಯಿಂದ ತಿರುಗಿಸುತ್ತೇವೆ, ಸಡಿಲಾದ ಮೇಲೆ ಬೆರಳ ತುದಿಗಳಿಂದ.

ಕನ್ನಡಕ್ಕೆ ಇದು ಹೊಸದಲ್ಲ. ಗಟ್ಟಿ ಹಿಡಿತಕ್ಕೆ 'ಉಡದ ಪಟ್ಟು' ಎನ್ನುವುದುಂಟು. ಕುಸ್ತಿಯ ವರಸೆಗೂ ಪಟ್ಟು, ಹಟಕ್ಕೂ ಪಟ್ಟು. ತೊರೆಯುವುದಕ್ಕೆ 'ಕೈಬಿಡು'. ಮನಸ್ಸಿನ ಸ್ಥಿತಿಯನ್ನು ಕೈಯ ಸ್ಥಿತಿಯಿಂದಲೇ ಹೇಳುವ ಭಾಷೆ ಇದು.

ಪೈಲ್ವಾನನನ್ನು ಸೋಲಿಸುವ ಸೀಸೆ

ಮನೆಯಲ್ಲೇ ನಡೆಸಬಹುದಾದ ಇನ್ನೊಂದು ಪಂದ್ಯವಿದೆ. ಇದರಲ್ಲಿ ಸೊಂಟ, ಬೆನ್ನುಗಳಿಗೆ ಕೆಲಸವಿಲ್ಲ. ಉದ್ದ ಕತ್ತಿನ ಪ್ಲಾಸ್ಟಿಕ್ ಸೀಸೆಯೊಂದನ್ನು ನೀರು ತುಂಬಿ ಮುಚ್ಚಳ ಹಾಕಿ ಅಡ್ಡ ಹಿಡಿಯಬೇಕು. ಒಬ್ಬರ ಕೈ ಸಪೂರ ಕತ್ತಿಗೆ, ಇನ್ನೊಬ್ಬರ ಕೈ ದಪ್ಪ ತಳಕ್ಕೆ. ಇಬ್ಬರೂ ಎದುರು ದಿಕ್ಕಿನಲ್ಲಿ ತಿರುಚಬೇಕು. ಮನೆಯ ಗಟ್ಟಿಮುಟ್ಟಾದ ಯುವಕನಿಗೆ ಕತ್ತನ್ನು ಕೊಟ್ಟು, ಹತ್ತು ವರ್ಷದ ತಂಗಿಗೆ ತಳವನ್ನು ಕೊಟ್ಟರೆ ಅಣ್ಣ ಸೋಲುವ ಸಂಭವವೇ ಹೆಚ್ಚು.

ಇದರಲ್ಲಿ ಮಾಯವೇನಿಲ್ಲ. ತಿರುಚುವ ಬಲದ ಪರಿಣಾಮ ಕೈಯ ಒತ್ತಡದ ಜೊತೆಗೆ ನಡುವಿನಿಂದ ಅಂಚಿಗೆ ಇರುವ ದೂರವನ್ನೂ ಅವಲಂಬಿಸಿದೆ. ತಳದ ಅಡ್ಡಳತೆ ಕತ್ತಿನ ಅಡ್ಡಳತೆಗಿಂತ ಮೂರು ಪಟ್ಟು ಇದ್ದರೆ ತಂಗಿ ಒಂದು ಪಾಲು ಬಲ ಹಾಕಿದ್ದಕ್ಕೆ ಅಣ್ಣ ಮೂರು ಪಾಲು ಹಾಕಬೇಕು. ಬಾಗಿಲಿನ ಹಿಡಿಕೆ, ಎತ್ತಿನ ಗಾಣದ ಉದ್ದನೆಯ ತೊಲೆ ಇವೆಲ್ಲ ಇದೇ ತತ್ವದ ಮೇಲೆ ನಡೆಯುವಂಥವು.

ಈ ಪಂದ್ಯ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಗೆದ್ದವರು ಬಲಶಾಲಿಗಳು, ಸೋತವರು ದುರ್ಬಲರು ಎಂದು ತೀರ್ಮಾನಿಸುವ ಮೊದಲು ಯಾರ ಕೈಗೆ ಯಾವ ತುದಿ ಕೊಟ್ಟಿದ್ದರು ಎಂದು ಕೇಳಬೇಕು. ಮಾಸ್ ಕುಸ್ತಿಯಲ್ಲಿ ಸುತ್ತಿಗೊಮ್ಮೆ ಕೈಯ ಜಾಗ ಬದಲಿಸುವುದರ ಹಿಂದೆಯೂ ಇದೇ ವಿವೇಕವಿದೆ. ಈ ವಿವೇಕ ಇಲ್ಲದೆ ಹಿಡಿತವನ್ನು ಅಳೆಯಲು ಹೊರಟವರು ಏನಾದರು ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಉದಾಹರಣೆ ಇದೆ.

ಹಡಗು ಹತ್ತಿದ ಯಂತ್ರ

1798ರಲ್ಲಿ ಫ್ರಾನ್ಸಿನ ಎಡ್ಮ್ ರೆನ್ಯೆ ಎಂಬ ಯಂತ್ರಕುಶಲಿ ತಾನು ರೂಪಿಸಿದ ಬಲಮಾಪಕದ ವಿವರಗಳನ್ನು ಪ್ರಕಟಿಸಿದ. ಬಂದೂಕು ತಯಾರಿಕೆಯ ಕಸುಬಿನಲ್ಲಿ ಪಳಗಿದ್ದ ಅವನಿಗೆ ಈ ಕೆಲಸ ಹಚ್ಚಿದವರಲ್ಲಿ ಪ್ರಸಿದ್ಧ ನಿಸರ್ಗ ವಿಜ್ಞಾನಿ ಬ್ಯುಫೊನ್ ಒಬ್ಬ. ಮನುಷ್ಯನ ಬಲ ವಯಸ್ಸಿನೊಂದಿಗೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಅಳೆಯುವ ಆಸೆ ಅವನಿಗಿತ್ತು. ರೆನ್ಯೆಯ ಸಾಧನದಲ್ಲಿ ಮೊಟ್ಟೆಯಾಕಾರದ ಉಕ್ಕಿನ ಕಮಾನು ಇತ್ತು. ಎರಡೂ ಕೈಗಳಿಂದ ಅದರ ಪಕ್ಕಗಳನ್ನು ಅದುಮಿದರೆ ಒಳಗಿನ ಮುಳ್ಳು ಸರಿದು ಬಲ ಎಷ್ಟೆಂದು ತೋರಿಸುತ್ತಿತ್ತು.

ಎರಡೇ ವರ್ಷದಲ್ಲಿ ಆ ಯಂತ್ರ ಹಡಗು ಹತ್ತಿತು. 1800ರಲ್ಲಿ ನಿಕೊಲಾ ಬೋದಾಂ ನಾಯಕತ್ವದಲ್ಲಿ ಫ್ರೆಂಚ್ ಶೋಧಯಾತ್ರೆಯೊಂದು ಆಸ್ಟ್ರೇಲಿಯಾದ ಕಡೆಗೆ ಹೊರಟಾಗ ಅದರಲ್ಲಿ ಫ್ರಾನ್ಸ್ವಾ ಪೆರೋನ್ ಎಂಬ ಯುವ ವಿಜ್ಞಾನಿಯೂ ಇದ್ದ. ನಾಗರಿಕತೆಯಿಂದ ದೂರ ಇರುವ ಜನ ಹೆಚ್ಚು ಬಲಶಾಲಿಗಳು, ನಾಗರಿಕತೆ ಮನುಷ್ಯನನ್ನು ದುರ್ಬಲಗೊಳಿಸುತ್ತದೆ ಎಂಬ ವಾದ ಆಗ ಯುರೋಪಿನಲ್ಲಿ ಬಿಸಿಬಿಸಿ ಚರ್ಚೆಯ ವಸ್ತು. ಯಂತ್ರದಿಂದ ಅದನ್ನು ಇತ್ಯರ್ಥ ಮಾಡಿಬಿಡುವುದು ಪೆರೋನ್‌ನ ಉದ್ದೇಶ. ಟಾಸ್ಮೇನಿಯಾ, ಸಿಡ್ನಿ, ಟಿಮೋರ್‌ಗಳಲ್ಲಿ ಅವನು ಸ್ಥಳೀಯರ ಕೈಗೆ ಬಲಮಾಪಕ ಕೊಟ್ಟು ಅದುಮಿಸಿದ.

1807ರಲ್ಲಿ ಪ್ರಕಟವಾದ ಅವನ ಪುಸ್ತಕದ ಪಟ್ಟಿಯಲ್ಲಿ ಟಾಸ್ಮೇನಿಯಾದವರು ಎಲ್ಲರಿಗಿಂತ ಕೆಳಗೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು, ಟಿಮೋರಿನವರು ಅವರ ಮೇಲೆ. ಫ್ರೆಂಚರು ಇನ್ನೂ ಮೇಲೆ. ಪೆರೋನ್‌ಗೆ ತುಸು ಇರಿಸುಮುರಿಸು ಉಂಟುಮಾಡುವಂತೆ ಎಲ್ಲರಿಗಿಂತ ಮೇಲೆ ಇದ್ದವರು ಸಿಡ್ನಿಯ ಇಂಗ್ಲಿಷರು! ನಾಗರಿಕತೆ ಹೆಚ್ಚಿದಷ್ಟೂ ಬಲ ಹೆಚ್ಚು ಎಂದು ಅವನು ತೀರ್ಪು ಕೊಟ್ಟ.

ಆ ತೀರ್ಪಿನ ಬುಡ ಎಷ್ಟು ಗಟ್ಟಿ? ಟಾಸ್ಮೇನಿಯಾದಲ್ಲಿ ಅವನು ಅಳೆದದ್ದು 12 ಜನರನ್ನು. ಹಿಂದೆಂದೂ ಕಾಣದ ಲೋಹದ ವಸ್ತುವನ್ನು, ಮಾತು ತಿಳಿಯದ ಪರಕೀಯನೊಬ್ಬ ಕೈಗೆ ಕೊಟ್ಟು 'ಅದುಮು' ಎಂದು ಸನ್ನೆ ಮಾಡಿದರೆ ಯಾರು ತಾನೆ ಜೀವದ ಬಲವೆಲ್ಲ ಹಾಕಿ ಅದುಮುತ್ತಾರೆ? ಎದುರಿಗೆ ನಿಂತ ಯುರೋಪಿಯನ್ನರಿಗೆ ಅದು ಏನು, ಎತ್ತ ಎಂಬುದು ಗೊತ್ತಿತ್ತು. ಮುಳ್ಳು ಎಷ್ಟು ಸರಿಯಿತು ಎಂದು ನೋಡುವ ಕುತೂಹಲವೂ ಇತ್ತು. ಒಬ್ಬರಿಗೆ ಸೀಸೆಯ ಕತ್ತನ್ನೂ ಇನ್ನೊಬ್ಬರಿಗೆ ತಳವನ್ನೂ ಕೊಟ್ಟು ನಡೆಸಿದ ಪಂದ್ಯ ಅದು.

ಅದೇ ಯಾತ್ರೆಯ ಇನ್ನೊಂದು ಘಟನೆ ಮತ್ತೂ ಹೆಚ್ಚು ಹೇಳುತ್ತದೆ. 1802ರ ಜನವರಿಯಲ್ಲಿ ಟಾಸ್ಮೇನಿಯಾದ ಕರಾವಳಿಯಲ್ಲಿ ಫ್ರೆಂಚರ ಕಿರಿಯ ನೌಕಾಧಿಕಾರಿಯೊಬ್ಬ ಅಲ್ಲಿನ ಗಟ್ಟಿಮುಟ್ಟಾದ ಮನುಷ್ಯನೊಬ್ಬನನ್ನು ಸ್ನೇಹದ ಬಲಪರೀಕ್ಷೆಗೆ ಕರೆದು ಸೋಲಿಸಿದ. ಎಲ್ಲರೂ ಚೆನ್ನಾಗಿಯೇ ಬೀಳ್ಕೊಂಡರು ಎನ್ನುವಷ್ಟರಲ್ಲಿ, ದೋಣಿ ಹತ್ತುವ ಹೊತ್ತಿಗೆ ಈಟಿಯೊಂದು ಹಾರಿ ಬಂದು ಆ ಅಧಿಕಾರಿಯ ಭುಜಕ್ಕೆ ನಾಟಿತು. ಸೋಲಿಗೂ ಈಟಿಗೂ ನೇರ ಸಂಬಂಧ ಇತ್ತೆ ಎಂಬುದು ಇತಿಹಾಸಕಾರರ ಚರ್ಚೆಯ ವಿಷಯ. ಆದರೆ ಒಂದು ಮಾತು ಸ್ಪಷ್ಟ. ಪಂದ್ಯ ಸ್ನೇಹದ್ದು ಎಂದು ಒಂದೇ ಕಡೆಯವರು ಅಂದುಕೊಂಡರೆ ಸಾಲದು.

ಮೂರು ಪೆನ್ನಿಯ ಪ್ರಯೋಗಶಾಲೆ

ಈ ಪಟ್ಟಿ ಮಾಡುವ ಹವ್ಯಾಸ ಪೆರೋನ್‌ನೊಂದಿಗೆ ಮುಗಿಯಲಿಲ್ಲ. 1884ರಲ್ಲಿ ಲಂಡನ್ನಿನಲ್ಲಿ ನಡೆದ ಆರೋಗ್ಯ ವಸ್ತುಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ಮಳಿಗೆ ತೆರೆದ. ಮೂರು ಪೆನ್ನಿ ಕೊಟ್ಟರೆ ಎತ್ತರ, ತೂಕ, ಉಸಿರಿನ ಬಲ, ದೃಷ್ಟಿ, ಕೈಯ ಹಿಡಿತ ಮುಂತಾದುವನ್ನು ಅಳೆದು ಚೀಟಿ ಬರೆದು ಕೊಡುತ್ತಿದ್ದರು. 9,337 ಜನ ಹಣ ತೆತ್ತು ಅಳತೆ ಕೊಟ್ಟರು. ಗುದ್ದಿನ ಬಲ ಅಳೆಯಲು ಇಟ್ಟಿದ್ದ ಮರದ ಸಲಾಕೆಯನ್ನು ಜನ ಓರೆಯಾಗಿ ಗುದ್ದಿ ಮುರಿದರು. ಬದಲಿಗೆ ಓಕ್ ಮರದ್ದನ್ನು ಇಟ್ಟರೆ ಅದನ್ನೂ ಮುರಿದರು. ಕೆಲವರ ಮಣಿಕಟ್ಟು ಉಳುಕಿತು. ಜನರಿಗೆ ಅದು ಜಾತ್ರೆಯ ಮೋಜು. ಗಾಲ್ಟನ್‌ಗೆ ಬೇರೆಯದೇ ಗುರಿ. 'ಉತ್ತಮ' ವಂಶಗಳನ್ನು ಬೆಳೆಸಬೇಕೆಂಬ ಸಿದ್ಧಾಂತಕ್ಕೆ ಅದರ ಹಿಂದಿನ ವರ್ಷವಷ್ಟೇ ಅವನು ಹೆಸರಿಟ್ಟಿದ್ದ. ಆ ಸಿದ್ಧಾಂತ ಇಪ್ಪತ್ತನೆಯ ಶತಮಾನದಲ್ಲಿ ಎಂತಹ ಅನಾಹುತಗಳಿಗೆ ಎಡೆ ಮಾಡಿತು ಎಂಬುದನ್ನು ಜಗತ್ತು ಕಂಡಿದೆ.

ಕೋಲಿಗೂ ಯಂತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಕೋಲನ್ನು ಇಬ್ಬರೂ ಹಿಡಿದಿರುತ್ತಾರೆ. ಇಬ್ಬರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ಕುಳಿತಿರುತ್ತಾರೆ. ಇಬ್ಬರಿಗೂ ಸೋಲಿನ ಭಯ ಸಮಾನ. ಯಂತ್ರದ ಮುಂದೆ ಒಬ್ಬರು ಅದುಮುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವವರ ಮನಸ್ಸು ಶುದ್ಧವಿದ್ದರೆ ಅಂಕಿಗೆ ಬೆಲೆ.

ಅಂಕಿಗೆ ಬಂದ ಬೆಲೆ

ಆ ಬೆಲೆಯೂ ಕಾಲಕ್ರಮದಲ್ಲಿ ಬಂತು. ಅಳೆಯುವವರು ಜನಾಂಗಗಳನ್ನು ಮೇಲೆ ಕೆಳಗೆ ಇಡುವುದನ್ನು ಬಿಟ್ಟು, ಅಳತೆ ಕೊಟ್ಟ ಮನುಷ್ಯನಿಗೆ ಏನು ಉಪಯೋಗ ಎಂದು ಕೇಳತೊಡಗಿದಾಗ ಅದೇ ಯಂತ್ರ ವೈದ್ಯರ ನೆರವಿಗೆ ನಿಂತಿತು.

2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ವಯಸ್ಕರ ಹಿಡಿತವನ್ನು ಅಳೆದು ಸರಾಸರಿ ನಾಲ್ಕು ವರ್ಷ ಅವರ ಆರೋಗ್ಯವನ್ನು ಗಮನಿಸಲಾಗಿತ್ತು. ಭಾರತವೂ ಆ ದೇಶಗಳಲ್ಲೊಂದು. ಬೆಂಗಳೂರಿನ ಸಂಶೋಧಕರೂ ಅದರಲ್ಲಿ ಪಾಲುಗೊಂಡಿದ್ದರು. ಹಿಡಿತ 5 ಕಿ.ಗ್ರಾಂ. ಕಡಿಮೆಯಾದಂತೆಲ್ಲ ಆ ಅವಧಿಯಲ್ಲಿ ಸಾವಿನ ಸಂಭವ ಶೇ. 16ರಷ್ಟು ಹೆಚ್ಚು ಕಂಡುಬಂತು. ಈ ಮುನ್ಸೂಚನೆ ರಕ್ತದೊತ್ತಡದ ಮೇಲಿನ ಅಂಕಿ ಕೊಡುವ ಮುನ್ಸೂಚನೆಗಿಂತಲೂ ಬಲವಾಗಿತ್ತು.

ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಕೈಯಲ್ಲಿ ರಬ್ಬರ್ ಚೆಂಡು ಹಿಡಿದು ದಿನವಿಡೀ ಹಿಸುಕಿದರೆ ಆಯುಸ್ಸು ಹೆಚ್ಚುತ್ತದೆ ಎಂದು ತಿಳಿಯುವುದೂ ತಪ್ಪು. ಕೈಯ ಹಿಡಿತ ಇಡೀ ಮೈಯ ಸ್ನಾಯುಬಲದ ಕನ್ನಡಿ. ಊಟ, ನಡಿಗೆ, ಕಾಯಿಲೆ, ವಯಸ್ಸು ಎಲ್ಲದರ ನೆರಳು ಅದರ ಮೇಲೆ ಬಿದ್ದಿರುತ್ತದೆ. ಮುಪ್ಪಿನಲ್ಲಿ ಸ್ನಾಯುಗಳು ಸವೆಯುವುದನ್ನು ಗುರುತಿಸಲು ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಸೂಚಿಸಿದ ಮಿತಿ ಗಂಡಸರಿಗೆ 28 ಕಿ.ಗ್ರಾಂ., ಹೆಂಗಸರಿಗೆ 18 ಕಿ.ಗ್ರಾಂ. ಅದಕ್ಕಿಂತ ಕೆಳಗಿಳಿದರೆ ಬೀಳುವ, ಮೂಳೆ ಮುರಿಯುವ, ಮತ್ತೊಬ್ಬರನ್ನು ಅವಲಂಬಿಸುವ ದಿನಗಳು ಹತ್ತಿರ ಬರುತ್ತಿರಬಹುದು ಎಂದು ಎಚ್ಚರ ವಹಿಸಬೇಕು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆರೆಯಲು ಅಜ್ಜಿ ಮೊಮ್ಮಗನನ್ನು ಕರೆಯತೊಡಗಿದರೆ ಅದನ್ನು ಗಮನಿಸುವುದು ಒಳ್ಳೆಯದು.

ಎಳೆಯರ ಕೈ ಹೇಗಿದೆ ಎಂಬ ಪ್ರಶ್ನೆಯೂ ಇದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 20ರಿಂದ 34 ವಯಸ್ಸಿನ 237 ವಿದ್ಯಾರ್ಥಿಗಳನ್ನು ಅಳೆದು, 1985ರಲ್ಲಿ ಪ್ರಕಟವಾಗಿದ್ದ ಅಳತೆಗಳೊಂದಿಗೆ ಹೋಲಿಸಿದ ವರದಿ 2016ರಲ್ಲಿ ಬಂತು. ಯುವಕರ ಹಿಡಿತ ಹಿಂದಿನ ತಲೆಮಾರಿಗಿಂತ ಸಾಕಷ್ಟು ಕಡಿಮೆ ಇತ್ತು. ಅಳೆದವರ ಸಂಖ್ಯೆ ಚಿಕ್ಕದು, ಎಲ್ಲರೂ ವಿದ್ಯಾರ್ಥಿಗಳು. ಅದರಿಂದ ಇಡೀ ಜಗತ್ತಿನ ಯುವಕರ ಬಗ್ಗೆ ತೀರ್ಪು ಕೊಟ್ಟರೆ ಪೆರೋನ್ ಮಾಡಿದ ತಪ್ಪನ್ನೇ ಮಾಡಿದಂತೆ. ಆದರೂ ಕೈಗೆ ಇದ್ದ ಕೆಲಸ ಕಡಿಮೆಯಾಗಿದೆ ಎಂಬುದನ್ನು ಒಪ್ಪಲು ಯಂತ್ರ ಬೇಕಿಲ್ಲ.

ಯಾರ ಕೈ ಗಟ್ಟಿ?

ಬಾವಿಯಿಂದ ಹಗ್ಗ ಎಳೆದು ನೀರು ಸೇದುವುದು, ಒನಕೆ ಹಿಡಿದು ಭತ್ತ ಕುಟ್ಟುವುದು, ಬೀಸುಕಲ್ಲಿನ ಗೂಟ ಹಿಡಿದು ರಾಗಿ ಬೀಸುವುದು, ಒರಳಿನಲ್ಲಿ ಗುಂಡುಕಲ್ಲು ತಿರುವಿ ಹಿಟ್ಟು ರುಬ್ಬುವುದು, ನೆನೆದ ಕಂಬಳಿಯನ್ನು ತಿರುಚಿ ಹಿಂಡುವುದು ಇವೆಲ್ಲ ಬಲದ ಹಿಡಿತದ ಕೆಲಸಗಳೇ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಅವನ್ನು ಮಾಡಿದವರು ಬಹುಪಾಲು ಹೆಂಗಸರು. ಊರ ಜಾತ್ರೆಯಲ್ಲಿ ಗುಂಡು ಎತ್ತಿದವನಿಗೆ, ಚೀಲ ಹೊತ್ತವನಿಗೆ ಪೇಟ ಕಟ್ಟಿದರು. ದಿನವೂ ಎರಡು ಸೇರು ರಾಗಿ ಬೀಸಿದ ಕೈಗೆ ಯಾರೂ ಪಂದ್ಯ ಏರ್ಪಡಿಸಲಿಲ್ಲ. ಆ ದುಡಿಮೆ ಮರಳಿ ಬರಲಿ ಎಂದು ಹಾರೈಸುವುದು ಬೇಡ. ಮಿಕ್ಸಿ, ಗಿರಣಿ, ನಲ್ಲಿಗಳು ಇಳಿಸಿದ್ದು ಸಣ್ಣ ಭಾರವನ್ನಲ್ಲ. ಆದರೆ ಕೈಬಲ ಎಂದರೆ ಪೈಲ್ವಾನನ ತೋಳು ಮಾತ್ರ ಎಂಬ ಭ್ರಮೆಯನ್ನಾದರೂ ಬಿಡಬಹುದು. ಸಖಾ ನಾಡಿನಲ್ಲಿ, ಅಲಾಸ್ಕದಲ್ಲಿ ಇಂದು ಹೆಣ್ಣುಮಕ್ಕಳು ಕೋಲು ಹಿಡಿದು ಕುಳಿತಿರುವುದನ್ನು ಈ ದೃಷ್ಟಿಯಿಂದ ನೋಡಬೇಕು.

ಆಡುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಕೋಲು ಸಿಬಿರಿಲ್ಲದೆ ನುಣುಪಾಗಿರಲಿ. ಟೊಳ್ಳು ಕೊಳವೆ ಬೇಡ. ಒಮ್ಮೆಲೇ ಜಗ್ಗದೆ ನಿಧಾನವಾಗಿ ಬಲ ಹೆಚ್ಚಿಸಬೇಕು. ಉಸಿರು ಕಟ್ಟಿ ಎಳೆಯಬಾರದು. ಹೃದ್ರೋಗ, ಅಧಿಕ ರಕ್ತದೊತ್ತಡ, ಬೆನ್ನುನೋವು ಇದ್ದವರು ನೋಡಿ ಸಂತೋಷಪಡುವುದೇ ಲೇಸು. ಹಿಂದೆ ಗೋಡೆಯಾಗಲಿ ಮಂಚದ ಕಾಲಾಗಲಿ ಇರಬಾರದು, ಏಕೆಂದರೆ ಕೋಲು ಜಾರಿದರೆ ಗೆದ್ದವರೇ ಹಿಂದಕ್ಕೆ ಬೀಳುತ್ತಾರೆ! ಸುತ್ತು ಮುಗಿದ ಮೇಲೆ ಒಳಗೈ ಹೊರಗೈ ಬದಲಿಸಿಕೊಳ್ಳುವುದನ್ನು ಮರೆಯಬಾರದು.

ಕೊನೆಯ ಆ ನಿಯಮವೇ ಈ ಆಟದ ತಿರುಳು. ಎದುರಿನವರು ಹಿಡಿದ ಜಾಗವನ್ನು ತಾನೂ ಒಮ್ಮೆ ಹಿಡಿದು ನೋಡದೆ ಗೆದ್ದೆ ಎನ್ನುವಂತಿಲ್ಲ. ಯಂತ್ರ ಹಿಡಿದು ಸಮುದ್ರ ದಾಟಿದ ಪೆರೋನ್‌ಗೆ ತಿಳಿಯದೆ ಹೋದ ಈ ಮಾತು, ಸೌದೆಯ ತುಂಡು ಹಿಡಿದು ಒಲೆಯ ಮುಂದೆ ಕುಳಿತವರಿಗೆ ಗೊತ್ತಿತ್ತು.